ನಿಮ್ಮ ಮೈಕ್ರೋವೇವಿನಲ್ಲಿ ಮೀನು ಬೇಯಿಸಿದೆ

ಸುಪ್ರಿಯಕ್ಕಾ,

ನೀವು ತೀರಿಕೊಂಡ ಮೇಲೆ ರಮಾನಂದರ ಕೈಹಿಡಿದು ಈ ಹೊನ್ನಾವರದ ಮನೆಗೆ ಬಂದವಳು ನಾನು. ನಿಮ್ಮನ್ನು ಫೋಟೊದಲ್ಲಷ್ಟೇ ನೋಡಿದ್ದೇನೆ. ಆದರೂ ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು.

ಇವತ್ತು ಗ್ಯಾಸ್ ಮುಗಿದಿತ್ತು. ನಿಮ್ಮ ಮೈಕ್ರೋವೇವಿನಲ್ಲೇ ಇಸ್ವಾಣ ಮೀನು ಬೇಯಿಸಲು ಹೊರಟೆ. ಅದರಲ್ಲಿ ನಾನು ಮಾಡಿದ ಮೀನು ಯಾವಾಗಲೂ ಅಂಚಿನಲ್ಲಿ ಒಣಗಿ, ನಡುವೆ ಹಸಿಯಾಗಿ ಉಳಿಯುತ್ತಿತ್ತು. ನಿಮ್ಮ ಮಗಳು ಪ್ರಣಿತಾ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

“ಚಿಕ್ಕಿ, ತಟ್ಟೆ ನಡು ಖಾಲಿ ಬಿಡು, ತುಂಡೆಲ್ಲ ಸುತ್ತ ಇಡು. ನೀರು ಚಿಮುಕಿಸಿ ಮುಚ್ಚು. ಅರ್ಧಕ್ಕೆ ನಿಲ್ಸಿ ಮಗುಚು. ಅಮ್ಮ ಹಂಗೇ ಮಾಡ್ತಿತ್ತು.”

ಹಾಗೇ ಮಾಡಿದೆ. ಮೀನು ಮೆತ್ತಗೆ, ಹದವಾಗಿ ಬೆಂದಿತು. ಇವರು ಮೊದಲ ತುತ್ತಿಗೇ, “ಈಗ ಸಮಾ ಆತು ನೋಡು” ಎಂದರು. ಹಾಗಾದರೆ ಇಷ್ಟು ದಿನ ನಾನು ಬಡಿಸಿದ್ದೆಲ್ಲ ಏನು? ಆ ಪೆಟ್ಟಿಗೆಯನ್ನು ಮಂಕಿಯ ನಿಮ್ಮ ತವರಿಗೆ ಸಾಗಿಸಿಬಿಡಬೇಕು ಅನ್ನಿಸಿತು.

ಊಟವಾದ ಮೇಲೆ ಪ್ರಣಿತಾ ನನ್ನ ಹೆಗಲಿಗೆ ಒರಗಿ, “ನಾಳೆ ಅಮ್ಮನ ಬದನೆಕಾಯಿ ಪಲ್ಯ ಹೇಳಿಕೊಡ್ತೆ” ಎಂದಳು.

“ಆತು” ಎಂದೆ.

ಅವಳಾಗಿ ನನ್ನನ್ನು ಮುಟ್ಟಿದ್ದು ಇದೇ ಮೊದಲು, ಅಕ್ಕಾ. ಅದೂ ನಿಮ್ಮ ಮಾತು ಹೇಳಲಿಕ್ಕೆ.