ಮುಖ ಬರೆಯುವ ಕೆಲಸ

ಜುಲೈ ೧೨, ಭಾನುವಾರ

ಪ್ರೀತಿಯ ತಮ್ಮಾ,

ಆರಾಮಾಗಿದ್ದೀಯಾ? ಅಲ್ಲಿನ ನೀರು, ಊಟ ಒಗ್ಗಿತೇ? ನಿನ್ನ ಕಾಗದಗಳೆಲ್ಲ ಕೈಸೇರಿವೆ. ಉತ್ತರ ಬರೆಯದ ಅಕ್ಕನ ಮೇಲೆ ಹಲ್ಲು ಕಡಿಯುತ್ತಿದ್ದೀಯೆಂದು ಗೊತ್ತು. ಮೆಲ್ಲಗೆ ಕಡಿ ಮಾರಾಯ, ಕಟ್ಟಿಸಿದ ಹಲ್ಲು. ತಡಮಾಡಿದ್ದು ತಪ್ಪಾಯಿತು.

ಮೊದಲು ಒಳ್ಳೆಯ ಸುದ್ದಿ. ನಮ್ಮ ಬಟ್ಟೆ ಗೊಂಬೆಗಳಿಗೆ ಮುಖ ಬರೆಯುವ ಕೆಲಸವನ್ನು ಈಗ ನೀನಿರುವ ಆ ದೇಶದವರಿಗೆ ಕೊಡೋಣವೆಂದು ನೀನು ಹೇಳಿದಾಗ ಎಗರಾಡಿದ್ದೆ. ನೀನೇ ಗೆದ್ದೆ. ಮುಚ್ಚುವುದರಲ್ಲಿದ್ದ ಕಾರ್ಖಾನೆ ಉಸಿರಾಡುತ್ತಿದೆ, ಖರ್ಚು ಇಳಿದಿದೆ, ಅಂಗಡಿಗಳಿಗೆ ಹೇಳಿದ ಹೊತ್ತಿಗೆ ಸರಕು ಮುಟ್ಟುತ್ತಿದೆ. ಇಲ್ಲಿ ಬಣ್ಣದ ಕೋಣೆ ಮಾತ್ರ ಖಾಲಿ. ಕುಂಚ ಹಿಡಿಯಬಲ್ಲವರು ಯಾರೂ ಉಳಿದಿಲ್ಲ. ನನ್ನ ಕೈಯೂ ನಡುಗುತ್ತದೆ.

ಇನ್ನು ನೀನು ಬರೆದಿದ್ದ ಆ ಮುಖಗಳ ಸಂಗತಿ. ಅಲ್ಲಿಂದ ಬಂದ ಹೊಸ ಪೆಟ್ಟಿಗೆ ಒಡೆದಾಗ ಫ್ರಾಕು ಹೊಲಿಯುವಾಕೆ ಒಂದು ಗೊಂಬೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತುಬಿಟ್ಟಳು.

"ಅಕ್ಕಾ, ಇದಕ್ಕೆ ವಯಸ್ಸಾಗ್ತಿದೆ" ಎಂದಳು.

"ತಲೆ ನೆಟ್ಟಗಿದೆಯೇನೇ ನಿಂಗೆ?" ಎಂದು ಗದರಿದೆ.

ಅವಳು ಹಿಂದಿನ ಕಂತುಗಳ ಗೊಂಬೆಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಕೂರಿಸಿದಳು. ಮೈಯೆಲ್ಲ ಒಂದೇ ಅಳತೆ. ಮುಖ ಮಾತ್ರ ಬೆಳೆಯುತ್ತ ಹೋಗಿದೆ. ಕೆನ್ನೆ ಇಳಿದಿದೆ, ಬಾಯಿ ಮುಚ್ಚಿದೆ, ತುಟಿಯಲ್ಲಿ ಏನನ್ನೋ ಬಚ್ಚಿಟ್ಟ ನಗು. ಕೊನೆಯದರಲ್ಲಿ ಪುಟ್ಟ ಮಗುವಿನ ಮೈ ಮೇಲೆ ದೊಡ್ಡ ಹುಡುಗಿಯ ಮುಖ.

ಕಾರಣ ನೀನೇ ಬರೆದಿದ್ದೀಯ. ನಾವು ಮೂಲ ಗೊಂಬೆ ಕಳಿಸದೆ ಬರೀ ಫೋಟೋ ಕಳಿಸಿದೆವು. ಅವರು ಪ್ರತಿಸಲ ಹಿಂದಿನ ಕಂತಿನಲ್ಲಿ ಮಿಕ್ಕ ಗೊಂಬೆಯನ್ನು ಎದುರಿಗಿಟ್ಟುಕೊಂಡು ಬರೆಯುತ್ತಾರೆ. ನಕಲಿನ ನಕಲು, ಗೆರೆ ಕೂದಲೆಳೆಯಷ್ಟು ಜಾರಿದರೂ ಜಾರುತ್ತಲೇ ಹೋಗುತ್ತದೆ. ಸರಿ, ಒಪ್ಪಿದೆ. ಆದರೆ ಜಾರಿದ ಗೆರೆ ಸೊಟ್ಟಗಾಗಬೇಕಿತ್ತಲ್ಲವೇ? ಬೆಳೆಯುವುದೇಕೆ?

ಮೂಲ ಮುಖವನ್ನು ನಾನು ಬರೆದದ್ದು ನನ್ನ ಮಗಳು ಗುಬ್ಬಿಯನ್ನು ಎದುರಿಗೆ ಕೂರಿಸಿಕೊಂಡು. ಆ ಚಳಿಗಾಲವೇ ಜ್ವರ ಬಂದು ಮಗು ಹೋಗಿಬಿಟ್ಟಿತು. ಅಲ್ಲಿ ಕುಂಚ ಹಿಡಿದವರು ಅವಳನ್ನು ಕಂಡವರಲ್ಲ, ನಿನ್ನ ಭಾವನನ್ನಂತೂ ಕಂಡೇ ಇಲ್ಲ. ಆದರೂ ಈ ಸಲದ ಗೊಂಬೆಗೆ ಅವಳಪ್ಪನ ಕೂಡುಹುಬ್ಬು ಬಂದಿದೆ ಕಣೋ.

ಒಬ್ಬ ಅಂಗಡಿಯವನು ಸರಕು ವಾಪಸು ತಂದ. "ಮಕ್ಳು ಮುಟ್ತಾನೇ ಇಲ್ಲಮ್ಮಾ, ನಮ್ಮನ್ನೇ ನೋಡುತ್ತೆ ಅಂತಾವೆ" ಎಂದ. ಮೂಲ ಗೊಂಬೆ ಬೇಗ ತಲುಪದಿದ್ದರೆ ಉಳಿದವರೂ ಕೈಬಿಡುತ್ತಾರೆ, ಕಾರ್ಖಾನೆ ಮುಳುಗುತ್ತದೆ ಎಂಬ ನಿನ್ನ ಮಾತು ನಿಜ. ಅದನ್ನು ಕಳಿಸದೆ ಕೂತದ್ದು ಬೇಕೆಂದೇ. ಮುಂದಿನ ಪೆಟ್ಟಿಗೆಯಲ್ಲಿ ಅವಳು ಹೇಗಿರುತ್ತಾಳೋ ನೋಡುವ ಆಸೆ. ಭಯವೂ ಆಗುತ್ತಿತ್ತು, ಆಸೆಯೂ ಬಿಡುತ್ತಿರಲಿಲ್ಲ.

ನನ್ನ ಆಸೆಗೆ ಹೊಲಿಯುವವರ ಅನ್ನ ಕಸಿಯಲಾರೆ. ನಾಳೆ ಮೂಲ ಗೊಂಬೆ ಹೊರಡುತ್ತದೆ. ಇನ್ನು ಮೇಲೆ ಅದನ್ನೇ ನೋಡಿ ಬರೆಯಲಿ, ನೀನೇ ನಿಂತು ನೋಡಿಕೋ. ಅವರನ್ನು ಬೈಯಬೇಡ, ಅವರ ತಪ್ಪಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ತಣ್ಣಗಿರು.

ನಿನ್ನ
ಅಕ್ಕ

ತಾ.ಕ.: ಈಗಷ್ಟೇ ಕಟ್ಟಿ ಕಳಿಸಲೆಂದು ಮೂಲ ಗೊಂಬೆಯನ್ನು ಕಪಾಟಿನಿಂದ ತೆಗೆದೆ. ಗುಂಡುಕೆನ್ನೆ, ತೆರೆದ ಬಾಯಿ. ಇದು ಯಾರ ಮಗು ಎಂದುಕೊಂಡೆ. ತಮ್ಮಾ, ನನಗೆ ಗುರುತು ಸಿಗಲಿಲ್ಲ. ಕಣ್ಣು ಮುಚ್ಚಿ ಗುಬ್ಬಿಯನ್ನು ಎಷ್ಟು ನೆನೆದರೂ ಬರುವುದು ಅಲ್ಲಿಯವರು ಬರೆದ ಮುಖವೇ.