ಬೆನ್ನು ತೋರಿಸಿ ನಡೆಯುವವನು

ಯಜಮಾನಿಯವರ ಮಹಡಿ ಕೋಣೆ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಅತ್ತೆಯ ಮನೆಗೆ ಹೋದ ಮೇಲೆ ನಿಮ್ಮ ಮಂಡಿನೋವು ಹೇಗಿದೆ? ಹೊಲಿಗೆಯಂತ್ರ ತುಳಿಯಬೇಡಿ ಎಂದು ಅಲ್ಲಿನ ಡಾಕ್ಟರೂ ಹೇಳಿರುತ್ತಾರೆ, ನೀವು ಕಿವಿಗೆ ಹಾಕಿಕೊಂಡಿರುವುದಿಲ್ಲ. ನಾನು ಗಟ್ಟಿಮುಟ್ಟಾಗಿದ್ದೇನೆ. ನನ್ನನ್ನು ಮದುವೆಯಾಗುವ ಆಸೆಯಿದೆ ಎಂದು ನಿಮಗೆ ಬರೆದ, ನಾವು ಹಾಳೆ ಕೊಳ್ಳುವ ಕಾಗದದಂಗಡಿಯವರಿಗೆ ಏನು ಉತ್ತರ ಕೊಡಲಿ ಎಂದು ಎರಡು ಪತ್ರಗಳಲ್ಲಿ ಕೇಳಿದಿರಿ. ಎರಡಕ್ಕೂ ನಾನು ಇಲ್ಲಿನ ಮಳೆ ಬಿಸಿಲಿನ ಕಥೆ ಬರೆದು ಜಾರಿಕೊಂಡೆ. ಅವರೇನೂ ಅವಸರ ಮಾಡುತ್ತಿಲ್ಲ. ಹಾಳೆ ಕಟ್ಟಿಕೊಡುವಾಗ "ತಂದೆಯವರ ಪತ್ರ ಏನಾದ್ರೂ ಬಂತಾ?" ಎಂದು ಕೇಳಿ, ತಾವೇ ಕಿವಿ ಕೆಂಪು ಮಾಡಿಕೊಳ್ಳುತ್ತಾರೆ.

ಇಲ್ಲಿಯ ಸುದ್ದಿ ಕೇಳಿ, ನಗಬೇಡಿ. ನಮ್ಮ ಮಾಂಗಾ ನಿಮಗೆ ಗೊತ್ತೇ ಇದೆ, ಮೊದಲ ಪ್ರೀತಿ ಕಳೆದುಕೊಂಡ ಹುಡುಗಿ ಮತ್ತೆ ಬದುಕು ಕಟ್ಟಿಕೊಳ್ಳಲು ಒದ್ದಾಡುವ, ಪತ್ರಿಕೆಯಲ್ಲಿ ಕಂತು ಕಂತಾಗಿ ಬರುವ ಚಿತ್ರಕಥೆ. ಹುಡುಗಿಯ ಚಿತ್ರವನ್ನು ಯಜಮಾನಿ ಬಿಡಿಸುತ್ತಾರೆ. ಅವಳ ಹಿಂದಿನ ರಸ್ತೆ, ಅಂಗಡಿ, ಜನಜಂಗುಳಿ ನನ್ನ ಪಾಲು. ಹೋದ ವಾರ ಓದುಗರೊಬ್ಬರ ಪತ್ರ ಬಂತು. ಎಡಭುಜ ಇಳಿಬಿಟ್ಟುಕೊಂಡು, ಉದ್ದ ಕೋಟು ತೊಟ್ಟು, ಸಂಚಿಕೆ ಸಂಚಿಕೆಯಲ್ಲೂ ಗುಂಪಿನೊಳಗೆ ಬೆನ್ನು ತೋರಿಸಿ ಹೋಗುವವನು ಪತ್ತೇದಾರನೇ ಎಂದು ಕೇಳಿದ್ದರು! ಯಜಮಾನಿ ಹಳೆಯ ಸಂಚಿಕೆಗಳನ್ನೆಲ್ಲ ಮೇಜಿನ ಮೇಲೆ ಹರಡಿ ಹುಡುಕಿದರು. ಹತ್ತೊಂಬತ್ತು ಕಡೆ ಸಿಕ್ಕಿಬಿದ್ದ. "ಯಾರೇ ಇವನು? ಹೇಳದೆ ಕೇಳದೆ ನನ್ನ ಕಥೇಲಿ ಮನೆ ಮಾಡ್ಕೊಂಡಿದಾನಲ್ಲ!" ಎಂದರು. ನಾಚಿಕೆಯಿಂದ ಕುಗ್ಗಿಹೋದೆ. ಅಪ್ಪಾ, ಆ ಕೋಟು ನೀವೇ ಹೊಲಿದದ್ದು. ನೀವು ಎಷ್ಟು ಹತ್ತಿ ತುಂಬಿದರೂ ಇಳಿದೇ ಇರುತ್ತಿತ್ತಲ್ಲ, ಆ ಭುಜ. ಆ ಭುಜ ನೋಡಿಯೇ ನೀವು ಒಂಟೆ ಎಂದು ಕರೆಯುತ್ತಿದ್ದವನು ಅವನು. ಬೇರೆಯವಳನ್ನು ಮದುವೆಯಾಗುತ್ತೇನೆ ಎಂದು ಹೇಳಿ, ಅದೇ ಕೋಟಿನಲ್ಲಿ ನಮ್ಮ ಮೆಟ್ಟಿಲಿಳಿದು ಹೋಗಿ ನಾಲ್ಕು ವರ್ಷವಾಯಿತು. ಮರೆತೆ ಎಂದು ನಿಮಗೆ ಹೇಳುತ್ತಲೇ ಬಂದೆ. ಮರೆತಿರಲಿಲ್ಲ, ಇನ್ನೂ ನೋಯುತ್ತಿತ್ತು.

ಯಜಮಾನಿ ಬೈಯಲಿಲ್ಲ. "ಒಂದ್ಸಲ ಇವನನ್ನ ಈ ಕಡೆ ತಿರುಗಿಸು, ಮುಖ ನೋಡೋಣ" ಎಂದು ಖಾಲಿ ಹಾಳೆ ಕೊಟ್ಟರು. ನಿನ್ನೆ ಬೆಳಗಿನಿಂದ ಊಟದ ಹೊತ್ತಿನವರೆಗೆ ಕೂತೆ. ಮೂಗು ಬರೆದೆ, ಅಳಿಸಿದೆ. ಹುಬ್ಬು ಬರೆದೆ, ಅದೂ ಅವನದಲ್ಲ. ಮುಖ ಬರಲೇ ಇಲ್ಲ ಅಪ್ಪಾ! ಮೊದಲು ಅಳು ಬಂತು, ಆಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಗು. ಇಷ್ಟು ವರ್ಷ ನಾನು ಹೊತ್ತು ತಿರುಗಿದ್ದು ಬರೀ ಒಂದು ಕೋಟನ್ನು! "ಹಾಗಿದ್ರೆ ಇನ್ಮೇಲೆ ಹೊರಗೆ ನೋಡ್ಕೊಂಡು ಬಿಡಿಸಮ್ಮ" ಎಂದು ಯಜಮಾನಿ ಕಿಟಕಿ ತೆರೆದರು. ಇವತ್ತಿನ ಗುಂಪಿನಲ್ಲಿ ಬಸ್ಸಿನ ಹಿಂದೆ ಓಡುವ ದಪ್ಪ ಹೆಂಗಸೊಬ್ಬಳಿದ್ದಾಳೆ, ಒಂದೇ ಕೊಡೆಗೆ ಜಗಳವಾಡುವ ಇಬ್ಬರು ಮುದುಕರಿದ್ದಾರೆ. ಅವನಿಲ್ಲ.

ಅಂಚೆಯ ಹೊತ್ತಾಯಿತು. ಅತ್ತೆಗೆ ನಮಸ್ಕಾರ ತಿಳಿಸಿ, ಅವರ ಮಾತು ಕೇಳಿಕೊಂಡು ಕಾಲು ನೀಡಿ ಕೂತಿರಿ.

ನಿಮ್ಮ ಶಾಯಿಬೆರಳಿನ ಮಗಳು

ಮುಖ್ಯವಾದದ್ದೇ ಬಿಟ್ಟೆ: ಹಾಳೆ ದಂಡವಾಗುವುದು ಬೇಡವೆಂದು ಅದರ ಹಿಂಬದಿಯಲ್ಲಿ ಕಾಗದದಂಗಡಿಯವರ ಮುಖ ಬಿಡಿಸಿದೆ. ರಬ್ಬರು ಮುಟ್ಟುವ ಕೆಲಸವೇ ಬರಲಿಲ್ಲ, ಕೆಂಪು ಕಿವಿಯ ಸಮೇತ ಬಂದುಬಿಟ್ಟರು. ಅವರಿಗೆ ಒಪ್ಪಿಗೆ ಎಂದು ಬರೆಯಿರಿ. ಬೇಡ, ಬಿಡಿ. ಅಂಚೆ ಡಬ್ಬಿ ಅವರ ಅಂಗಡಿಯ ಎದುರಿಗೇ ಇದೆ, ಇದನ್ನು ಹಾಕಿ ನಾನೇ ಹೋಗಿ ಹೇಳುತ್ತೇನೆ.