ರಕ್ತದಾಗ ಬಂದ ಸಿಟ್ಟು

ಅವ್ವಾ,

ಮಗಳು ರೋಹಿಣಿ ಕಾಲೇಜಿನಿಂದ ಮನಶ್ಶಾಸ್ತ್ರದ ಪ್ರಶ್ನಾವಳಿ ತಂದಿದ್ದಳು. ಒಬ್ಬೊಬ್ಬರ ಸ್ವಭಾವ ಒಂದೊಂದು ಥರ ಆಗುವುದು ಹುಟ್ಟಿನಿಂದಲೋ, ಬೆಳೆದ ಮನೆಯಿಂದಲೋ ಎಂದು ಕೇಳಿದಳು.

"ಹುಟ್ಟಿನಿಂದನ. ನನ್ನ ಸಿಟ್ಟು ಅಗದಿ ನಮ್ಮವ್ವಂದು, ರಕ್ತದಾಗ ಬಂದೈತಿ," ಎಂದೆ.

ಜೋಳ ಹಸನು ಮಾಡುತ್ತಿದ್ದ ನಿನ್ನ ತಂಗಿ ಗುರವ್ವ ಮೊರ ಕೆಳಗಿಟ್ಟಳು. "ರಕ್ತ ಎಲ್ಲಿಂದ ಬಂತಲೇ? ಆಕಿ ನಿನ್ನ ಹಡದಿಲ್ಲ. ಎರಡು ತಿಂಗಳ ಕೂಸಿದ್ದಾಗ ನಿನ್ನ ಹಡದ ಕಲಘಟಗಿಯವರು ತಂದು ಆಕಿ ಉಡಿಯಾಗ ಹಾಕಿದ್ರು."

ಹಾಗಾದರೆ ಈ ಸಿಟ್ಟು ನಾನು ನಿನ್ನನ್ನು ನೋಡಿ ನೋಡಿ ಕಲಿತದ್ದೇ?

ನೀನು ಸಾಯುವ ಮೊದಲಿನ ಎರಡು ವರ್ಷ ನಾನು ಸಿಟ್ಟಿನಿಂದ ನಿನ್ನೂರು ನವಲಗುಂದದ ಬಸ್ಸು ಹತ್ತಲಿಲ್ಲ. ಕೇಳಿದವರಿಗೆ, ನಮ್ಮ ರಕ್ತವೇ ಹಾಗೆ ಎನ್ನುತ್ತಿದ್ದೆ.

ರೋಹಿಣಿ ಇನ್ನೂ ಪೆನ್ನು ಹಿಡಿದು ಕೂತಿದ್ದಾಳೆ. ಏನು ಬರೆಸಲಿ?